ಪೇಪರ್ ಓದಲು ಆ್ಯಪ್ ಬೇಕೋ, ಬ್ರೌಸರ್ ಸಾಕೋ?

‘ಸರ, ಪೇಪರ್ ಓದ್ಲಾಕ, ತೊಗರಿ ರೇಟ್ ನೋಡ್ಲಾಕ ಆ್ಯಪೇ ಹಾಕ್ಕೋಬೇಕಾ, ಕ್ರೋಮ್‌ನಾಗ ನೋಡಿದ್ರ ನಡೀತದಾ? ಆ್ಯಪ್‌ನಾಗ ನೆಟ್ ಕಡಿಮಿ ಹೋಗ್ತದಂತಲ್ಲ?’

ಚಿತ್ತಾಪುರದಿಂದ ಬರಲಿ, ಶಹಾಪುರದಿಂದ ಬರಲಿ, ಪ್ರಶ್ನೆ ಇದೇ. ಉತ್ತರವನ್ನೂ ಎಷ್ಟೋ ಸಲ ಕೊಟ್ಟಾಗಿದೆ: ಬರೀ ಓದುವುದಿದ್ದರೆ ಬ್ರೌಸರ್ ಸಾಕು. ಯುಪಿಐಗೆ ಆ್ಯಪ್ ಬೇಕು, ಏಕೆಂದರೆ ಅದು ಖಾತೆಯನ್ನು ನಿಮ್ಮ ಸಿಮ್ಮಿಗೂ ಫೋನಿಗೂ ಗಂಟು ಹಾಕುತ್ತದೆ. ಓದುವುದಕ್ಕೆ ಆ ಗಂಟೇ ಬೇಡ.

‘ಆ್ಯಪ್‌ನಾಗ ನೆಟ್ ಕಡಿಮಿ’ ಎಂಬ ಮಾತು ಮಾತ್ರ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಈ ಸಲ ನೀವೇ ಕಣ್ಣಾರೆ ನೋಡಿ. ಮೊಬೈಲ್ ಡೇಟಾ, ವೈಫೈ ಎರಡೂ ಬಂದ್ ಮಾಡಿ. ಸುದ್ದಿ ಆ್ಯಪ್ ತೆರೆದು, ಇದುವರೆಗೆ ಓದದ ಒಂದು ಸುದ್ದಿಯನ್ನು ಒತ್ತಿ. ಮೇಲಿನ ಬಣ್ಣದ ಪಟ್ಟಿ, ಲೋಗೊ ಹಾಗೇ ಇದ್ದು, ನಡುವೆ ಬಿಳಿ ಪುಟದಲ್ಲಿ ‘ವೆಬ್‌ಪೇಜ್ ನಾಟ್ ಅವೈಲಬಲ್’ ಎಂದು ಬಂದರೆ ಒಳಗಿರುವುದು ವೆಬ್‌ಸೈಟೇ. ಆಂಡ್ರಾಯ್ಡ್‌ನಲ್ಲಿ ವೆಬ್‌ವ್ಯೂ ಎಂಬ ಭಾಗವಿದೆ. ಆ್ಯಪ್‌ನೊಳಗೆ ವೆಬ್ ಪುಟ ತೋರಿಸುವುದು ಅದರ ಕೆಲಸ. ಅದಕ್ಕೂ ಕ್ರೋಮ್‌ಗೂ ಎಂಜಿನ್ ಒಂದೇ. ಅದೇ ಪುಟ, ಅದೇ ಫೋಟೊ, ಅದೇ ಜಾಹೀರಾತು ಇಳಿಯುವಾಗ ನೆಟ್ ಉಳಿಯುವುದು ಎಲ್ಲಿಂದ?

ಅಕ್ಷರವನ್ನಷ್ಟೇ ತರಿಸಿಕೊಂಡು ಪುಟದ ವಿನ್ಯಾಸವನ್ನು ಫೋನಿನಲ್ಲೇ ಇಟ್ಟುಕೊಳ್ಳುವ ಆ್ಯಪ್‌ಗಳೂ ಇವೆ. ಸುದ್ದಿಯೊಂದಕ್ಕೆ ಅವು ಕಡಿಮೆ ಎಳೆಯುತ್ತವೆ, ನಿಜ. ಆದರೆ ಹಾಗೆ ಉಳಿದದ್ದು ಬೇರೆ ದಾರಿಯಲ್ಲಿ ಸೋರಿಹೋಗಬಹುದು: ನೀವು ತೆರೆಯದಿದ್ದಾಗಲೂ ಹೊಸ ಸುದ್ದಿ ಇಳಿಯುತ್ತದೆ, ತೆರೆದರೆ ವಿಡಿಯೊ ತಾನಾಗಿ ಓಡುತ್ತದೆ, ಮೇಲೆ ಅಪ್‌ಡೇಟ್ ಬೇರೆ. ಲೆಕ್ಕ ನಿಮ್ಮ ಫೋನಿನಲ್ಲೇ ಇದೆ. ಸೆಟ್ಟಿಂಗ್ಸ್, ಅಲ್ಲಿ ಆ್ಯಪ್ಸ್, ಆ ಆ್ಯಪ್‌ನ ಹೆಸರು, ಒಳಗೆ ಮೊಬೈಲ್ ಡೇಟಾ. ಫೋರ್‌ಗ್ರೌಂಡ್ ಎಂದರೆ ನೀವು ಓದುವಾಗ ಹೋಗಿದ್ದು. ಬ್ಯಾಕ್‌ಗ್ರೌಂಡ್ ಎಂದರೆ ಫೋನ್ ಕಿಸೆಯಲ್ಲಿದ್ದಾಗ ಹೋಗಿದ್ದು. ಆ್ಯಪ್ ಬೇಕೇಬೇಕು ಎನ್ನುವವರು ಅಲ್ಲೇ ಬ್ಯಾಕ್‌ಗ್ರೌಂಡ್ ಡೇಟಾ ಆಫ್ ಮಾಡಿ.

ನೆಟ್ ಉಳಿಸುತ್ತಿದ್ದ ಕ್ರೋಮ್‌ನ ಲೈಟ್ ಮೋಡ್ ಹುಡುಕಬೇಡಿ, 2022ರ ಮಾರ್ಚ್‌ನಲ್ಲೇ ಗೂಗಲ್ ಅದನ್ನು ತೆಗೆದುಹಾಕಿತು. ಜಾಹೀರಾತಿನ ಭಾರ ಇಳಿಸಬೇಕೆಂದರೆ ಫೈರ್‌ಫಾಕ್ಸ್ ಹಾಕಿಕೊಂಡು ಅದಕ್ಕೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಂಬ ಆ್ಯಡ್-ಆನ್ ಸೇರಿಸಿ. ಆಂಡ್ರಾಯ್ಡ್ ಫೋನಿನ ಕ್ರೋಮ್‌ಗೆ ಅದು ಸೇರುವುದಿಲ್ಲ. ದಿನಾ ನೋಡುವ ಸೈಟಿಗೆ ಕ್ರೋಮ್‌ನ ಮೂರು ಚುಕ್ಕೆ ಒತ್ತಿ ‘ಆಡ್ ಟು ಹೋಮ್ ಸ್ಕ್ರೀನ್’ ಕೊಟ್ಟರೆ ಆ್ಯಪಿನಂತೆಯೇ ಐಕಾನ್ ಬಂದು ಕೂರುತ್ತದೆ. ಅದೇ ಮೂರು ಚುಕ್ಕೆಯೊಳಗಿನ ಕೆಳಮುಖ ಬಾಣ ಒತ್ತಿದರೆ ಪುಟ ಇಳಿದಿರುತ್ತದೆ. ಸುರಪುರದ ಬಸ್ಸಿನಲ್ಲಿ ನೆಟ್ ಹೋದರೂ ಓದಬಹುದು. ‘ನೋಟಿಫಿಕೇಶನ್ ಕಳಿಸಲೇ’ ಎಂದು ಸೈಟು ಕೇಳಿದರೆ ಬ್ಲಾಕ್ ಒತ್ತಿ. ಅಲೋ ಒತ್ತಿದವರೇ ಆಮೇಲೆ ಸಾಲುಸಾಲಾಗಿ ಬರುವ ನೋಟಿಫಿಕೇಶನ್ ಕಂಡು ‘ಫೋನಿಗೆ ವೈರಸ್ ಬಂದದ’ ಅನ್ನುತ್ತಾರೆ.

ಕೇಳದಿದ್ದರೂ ಇದನ್ನು ಹೇಳಲೇಬೇಕು: ಪಹಣಿ. ಪ್ಲೇ ಸ್ಟೋರಿನಲ್ಲಿ ಪಹಣಿ ಎಂದು ಹುಡುಕಿದರೆ ಖಾಸಗಿಯವರ ಆ್ಯಪ್‌ಗಳೂ ಬರುತ್ತವೆ. ಸರ್ಕಾರದ ಭೂದಾಖಲೆಯ ಭೂಮಿ ಸೈಟನ್ನೇ ಒಳಗಿಟ್ಟು ಸುತ್ತ ಜಾಹೀರಾತು ಕಟ್ಟಿದವು ಅವುಗಳಲ್ಲಿವೆ. ಬ್ರೌಸರ್‌ನಲ್ಲೇ ಭೂಮಿ ಸೈಟ್ ತೆರೆದು, ವಿಳಾಸದಲ್ಲಿ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಇದೆಯೇ ನೋಡಿಕೊಳ್ಳಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ, ಸರ್ವೆ ನಂಬರ್ ಹಾಕಿ ‘ಗೋ’ ಒತ್ತಿ. ಆಮೇಲೆ ಸರ್ವೆ ನಂಬರಿನ ಒಳಭಾಗಗಳಾದ ಸರ್ನಾಕ್, ಹಿಸ್ಸಾ ಆರಿಸಿ. ನೋಡುವುದಕ್ಕೆ ದುಡ್ಡಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಫೈಲ್) ಕಳಿಸಿ ‘ಪಿಎಂ ಕಿಸಾನ್ ಹಣ ಬಂದದ, ಇದನ್ನ ಹಾಕ್ಕೋರಿ’ ಅಂದರೆ, ಕಳಿಸಿದವರು ಸ್ವಂತ ಕಾಕಾ ಆದರೂ ಇನ್‌ಸ್ಟಾಲ್ ಮಾಡಬೇಡಿ. ಅಳಿಸಿ, ಕಾಕಾಗೂ ಫೋನ್ ಮಾಡಿ ಹೇಳಿ.