ನೀಲಿ ಬ್ಯಾಂಟಮ್ ಕೊಚಿನ್: ಜೋಡಿ ಬಿಡುವ ಮೊದಲು ಬಣ್ಣದ ಲೆಕ್ಕ

ನೀಲಿ ಹೇಂಟೆಗಳ ಜೊತೆ ನೀಲಿ ಹುಂಜ ಬಿಟ್ಟರೆ ಮರಿಗಳೆಲ್ಲ ನೀಲಿ ಬರಬೇಕು ಅಲ್ವಾ? ಬರುವುದಿಲ್ಲ. ಕೆಲವು ಕಪ್ಪು, ಕೆಲವು ನೀಲಿ, ಇನ್ನು ಕೆಲವು ಬೆಳ್ಳಗಿದ್ದು ಮೈಮೇಲೆ ಅಲ್ಲಲ್ಲಿ ಬೂದು, ಕಪ್ಪು ಸಿಡಿದ ಹಾಗಿರುತ್ತವೆ. ದಾವಣಗೆರೆ ಕಡೆ ನಾಟಿ ಕೋಳಿ ಸಾಕಿ ಬೆಳೆದವರಿಗೆ ಕೊಚಿನ್ ತಳಿಯ ಕೋಳಿ ಸಾಕುವುದು ಹೊಸದೇನಲ್ಲ. ಕಾಳು, ನೀರು, ಗೂಡು ಎಲ್ಲ ಗೊತ್ತಿರುತ್ತದೆ. ಸಿಕ್ಕು ಬೀಳುವುದು ಬಣ್ಣದಲ್ಲಿ. ನನಗೆ ಜಾಸ್ತಿ ಹೊತ್ತು ಹಿಡಿದಿದ್ದೂ ಇದೇ ಲೆಕ್ಕ. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ತಳಿಯ ಬಗ್ಗೆ ಇಷ್ಟು ಸಾಕು

ಕೊಚಿನ್ ಮೂಲ ಚೀನಾ. ದೊಡ್ಡ ಕೊಚಿನ್ 1840ರ ದಶಕದಲ್ಲಿ ಇಂಗ್ಲೆಂಡಿಗೆ ಹೋಯಿತು. ನಾವು ಸಾಕುವ ಗಿಡ್ಡ ಕೋಳಿಯನ್ನು ಅಮೆರಿಕದಲ್ಲಿ ಬ್ಯಾಂಟಮ್ ಕೊಚಿನ್ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಅದಕ್ಕೆ ಪೆಕಿನ್ ಅಂತ ಹೆಸರು, ಅಲ್ಲಿ ಅದನ್ನು ಬೇರೆ ತಳಿಯಾಗಿಯೇ ನೋಡುತ್ತಾರೆ. ಹುಂಜವೂ ಒಂದು ಕೆಜಿಗಿಂತ ಕಡಿಮೆ ತೂಗುತ್ತದೆ. ಒಂಟಿ ಜುಟ್ಟು, ದುಂಡು ಮೈ, ಕಾಲ್ಬೆರಳವರೆಗೂ ಪುಕ್ಕ. ಮೊಟ್ಟೆ ಚಿಕ್ಕದು, ಸಂಖ್ಯೆಯೂ ಕಡಿಮೆ. ಆದರೆ ಕಾವು ಕೂರುವುದರಲ್ಲಿ ಇದಕ್ಕೆ ಸರಿಸಾಟಿ ಕಡಿಮೆ.

ನೀಲಿ ಎಂಬುದು ನಡುವಿನ ಬಣ್ಣ

ಕೋಳಿಯಲ್ಲಿ ನೀಲಿ ಅಂದರೆ ಆಕಾಶದ ನೀಲಿ ಅಲ್ಲ, ಸ್ಲೇಟಿನ ಬೂದು. ಇದಕ್ಕೆ ಕಾರಣ ಒಂದೇ ಒಂದು ಜೀನ್. ಅದು ಕಪ್ಪನ್ನು ತೆಳು ಮಾಡುತ್ತದೆ. ಕಪ್ಪು ಶಾಯಿಗೆ ನೀರು ಬೆರೆಸಿದ ಹಾಗೆ ಅಂದುಕೊಳ್ಳಿ. ಒಂದು ಲೋಟ ನೀರು ಬಿದ್ದರೆ ಬೂದು, ಎರಡು ಲೋಟ ಬಿದ್ದರೆ ಹೆಚ್ಚುಕಮ್ಮಿ ಬಿಳಿ.

ಪ್ರತಿ ಮರಿಗೂ ಈ ಜೀನಿನ ಎರಡು ಪ್ರತಿ ಇರುತ್ತವೆ. ಒಂದು ಅಪ್ಪನಿಂದ, ಇನ್ನೊಂದು ಅವ್ವನಿಂದ. ತೆಳು ಮಾಡುವ ಪ್ರತಿಗೆ "ನೀ" ಅಂತಲೂ, ಮಾಮೂಲಿ ಪ್ರತಿಗೆ "ಕ" ಅಂತಲೂ ಬರೆದುಕೊಳ್ಳೋಣ.

ಕ + ಕ ಇದ್ದರೆ ಕಪ್ಪು.
ನೀ + ಕ ಇದ್ದರೆ ನೀಲಿ.
ನೀ + ನೀ ಇದ್ದರೆ ಸ್ಪ್ಲಾಶ್, ಅಂದರೆ ಆ ಬಿಳಿ ಮೈಯ ಸಿಡಿತದ ಕೋಳಿ.

ಇಲ್ಲಿ ಸ್ವಲ್ಪ ನಿಲ್ಲಿ. ನೀಲಿ ಕೋಳಿಯೊಳಗೆ ಯಾವಾಗಲೂ ಎರಡು ಬೇರೆ ಬೇರೆ ಪ್ರತಿಗಳಿವೆ. ಎರಡೂ "ನೀ" ಆದರೆ ಅದು ನೀಲಿಯಾಗಿ ಉಳಿಯುವುದೇ ಇಲ್ಲ, ಸ್ಪ್ಲಾಶ್ ಆಗುತ್ತದೆ. ಅದಕ್ಕೇ ಎಷ್ಟು ತಲೆಮಾರು ನೀಲಿಗೆ ನೀಲಿ ಕೂಡಿಸಿದರೂ ಕಪ್ಪು, ಸ್ಪ್ಲಾಶ್ ಬರುವುದು ನಿಲ್ಲುವುದಿಲ್ಲ. ಮಾರಿದವರು ಮೋಸ ಮಾಡಿದ್ದಾರೆ, ತಳಿ ಕಲಬೆರಕೆ ಅಂತ ಬೈಯುವ ಮೊದಲು ಇದನ್ನು ನೆನಪಿಡಬೇಕು. ಅಪ್ಪಟ ನೀಲಿ ಜೋಡಿಯಿಂದಲೂ ಮೂರು ಬಣ್ಣ ಬಂದೇ ಬರುತ್ತವೆ.

ಈ ಲೆಕ್ಕ ಹಳೆಯದು. ಇಂಗ್ಲೆಂಡಿನ ವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನ್ನೆಟ್ 1900ರ ದಶಕದಲ್ಲಿ ಆಂಡಲೂಸಿಯನ್ ಎಂಬ ನೀಲಿ ಕೋಳಿಗಳ ಮೇಲೆ ಇದನ್ನೇ ಬಿಡಿಸಿದರು. ಅಪ್ಪನ ಪ್ರತಿ, ಅವ್ವನ ಪ್ರತಿ ಕೂಡಿಸಿ ನೋಡಲು ಪಿಯುಸಿ ಜೀವಶಾಸ್ತ್ರದಲ್ಲಿ ಪನ್ನೆಟ್ ಚೌಕ ಬರೆದಿರುತ್ತೇವಲ್ಲ, ಅದೇ ಪನ್ನೆಟ್. ಚೌಕ ಬರೆದರೆ ಸಿಗುವುದು ಇಷ್ಟು:

ನೀಲಿ × ನೀಲಿ: 25% ಕಪ್ಪು, 50% ನೀಲಿ, 25% ಸ್ಪ್ಲಾಶ್.
ನೀಲಿ × ಕಪ್ಪು: ಅರ್ಧ ನೀಲಿ, ಅರ್ಧ ಕಪ್ಪು.
ನೀಲಿ × ಸ್ಪ್ಲಾಶ್: ಅರ್ಧ ನೀಲಿ, ಅರ್ಧ ಸ್ಪ್ಲಾಶ್.
ಕಪ್ಪು × ಸ್ಪ್ಲಾಶ್: ಎಲ್ಲವೂ ನೀಲಿ.

ಕೊನೆಯ ಸಾಲನ್ನು ಮತ್ತೆ ಓದಿ. ನೀಲಿ ಬೇಕಾದವರು ನೀಲಿ ಕೋಳಿಯನ್ನೇ ಕೊಳ್ಳಬೇಕಾಗಿಲ್ಲ! ಕಪ್ಪು ಕೋಳಿ "ಕ" ಬಿಟ್ಟು ಬೇರೆ ಕೊಡಲಾರದು, ಸ್ಪ್ಲಾಶ್ "ನೀ" ಬಿಟ್ಟು ಬೇರೆ ಕೊಡಲಾರದು. ಹಾಗಾಗಿ ಪ್ರತಿ ಮರಿಯೂ ನೀ + ಕ. ಹುಂಜ ಯಾವುದು, ಹೇಂಟೆ ಯಾವುದು ಅನ್ನುವುದೂ ಮುಖ್ಯ ಅಲ್ಲ. ಈ ಜೀನ್ ಲಿಂಗದ ಜೊತೆ ಹೋಗುವುದಿಲ್ಲ.

"25%" ಅಂದರೆ ನಾಲ್ಕರಲ್ಲಿ ಒಂದು ಅಂತ ಅಲ್ಲ

ಈ ಹೆಜ್ಜೆಯನ್ನು ಬಿಡಿಸಿ ಬಿಡಿಸಿ ಬರೆಯುತ್ತೇನೆ. ಎಡವುವುದು ಇಲ್ಲೇ.

ನೀಲಿ ಜೋಡಿಯಿಂದ ನಾಲ್ಕು ಮರಿ ಒಡೆದವು ಅಂದುಕೊಳ್ಳಿ. ಒಂದು ಕಪ್ಪು, ಎರಡು ನೀಲಿ, ಒಂದು ಸ್ಪ್ಲಾಶ್ ಬರಬೇಕು ಅಂತ ಮನಸ್ಸು ಹೇಳುತ್ತದೆ. ಆದರೆ ಮೊಟ್ಟೆಗಳು ಒಂದರ ಜೊತೆ ಇನ್ನೊಂದು ಮಾತಾಡಿಕೊಂಡು ಬಣ್ಣ ಹಂಚಿಕೊಳ್ಳುವುದಿಲ್ಲ. ಪ್ರತಿ ಮೊಟ್ಟೆಯ ಲೆಕ್ಕ ಬೇರೆ, ಪ್ರತಿ ಸಲವೂ ಹೊಸದಾಗಿ ಶುರು. ಮೊದಲ ಮೂರು ಮರಿ ಕಪ್ಪಾಗಿ ಬಂದರೂ ನಾಲ್ಕನೆಯದು ಕಪ್ಪಾಗುವ ಸಾಧ್ಯತೆ ಅದೇ 25%. ಕೂಡಲೂ ಇಲ್ಲ, ಕಳೆಯಲೂ ಇಲ್ಲ.

ಲೆಕ್ಕ ಹಾಕಿ ನೋಡೋಣ. ನಾಲ್ಕು ಮರಿಯಲ್ಲಿ ಸರಿಯಾಗಿ ಒಂದು ಕಪ್ಪು, ಎರಡು ನೀಲಿ, ಒಂದು ಸ್ಪ್ಲಾಶ್ ಬರುವ ಸಾಧ್ಯತೆ 16ರಲ್ಲಿ 3 ಮಾತ್ರ. ಹೇಗೆ? ಒಂದು ಗೊತ್ತಾದ ಸಾಲಿನಲ್ಲಿ, ಅಂದರೆ ಕಪ್ಪು, ನೀಲಿ, ನೀಲಿ, ಸ್ಪ್ಲಾಶ್ ಅಂತಲೇ ಬರುವುದಕ್ಕೆ ಕಾಲು × ಅರ್ಧ × ಅರ್ಧ × ಕಾಲು, ಅಂದರೆ 64ರಲ್ಲಿ 1. ಇದೇ ನಾಲ್ಕು ಮರಿ 12 ಬೇರೆ ಬೇರೆ ಸಾಲಿನಲ್ಲಿ ಬರಬಹುದು. 64ರಲ್ಲಿ 12 ಅಂದರೆ 16ರಲ್ಲಿ 3. ಪುಸ್ತಕದ ಅನುಪಾತ ಹಾಗೇ ಕಾಣಿಸಿಕೊಳ್ಳುವುದೇ ಅಪರೂಪ. ನಾಲ್ಕರಲ್ಲಿ ಒಂದೂ ನೀಲಿ ಬಾರದಿರುವ ಸಾಧ್ಯತೆಯೂ 16ರಲ್ಲಿ 1 ಇದೆ. ಎಂಟು ಮರಿಯಲ್ಲಿ ಒಂದೂ ಸ್ಪ್ಲಾಶ್ ಬಾರದಿರುವುದು ಹತ್ತಕ್ಕೊಂದು ಸಲ ಆಗುವಂಥದ್ದು.

ಬ್ಯಾಂಟಮ್ ಸಾಕುವವರಿಗೆ ಇದು ಯಾಕೆ ಮುಖ್ಯ? ನಮ್ಮ ಒಂದು ಸಲದ ಮರಿಗಳ ಸಂಖ್ಯೆ ಯಾವಾಗಲೂ ಕಡಿಮೆ. ಕಡಿಮೆ ಮರಿ ನೋಡಿ "ಈ ಹುಂಜ ನೀಲಿ ಕೊಡುವುದಿಲ್ಲ" ಅಂತ ತೀರ್ಮಾನ ಮಾಡಿದರೆ ಒಳ್ಳೆಯ ಹುಂಜ ಕೈತಪ್ಪುತ್ತದೆ. ಕಪ್ಪು × ಸ್ಪ್ಲಾಶ್ ಜೋಡಿಯಲ್ಲಿ ಈ ಅದೃಷ್ಟದ ಆಟವೇ ಇಲ್ಲ. ಅದಕ್ಕೇ ನನಗೆ ಆ ಜೋಡಿ ಅಷ್ಟು ಇಷ್ಟ.

ಗುಂಗುರು ಪುಕ್ಕಕ್ಕೂ ಇದೇ ಲೆಕ್ಕ

ಫ್ರಿಜಲ್ ಕೊಚಿನ್ ನೋಡಿರುತ್ತೀರಿ, ಪುಕ್ಕಗಳೆಲ್ಲ ಹೊರಕ್ಕೆ ಸುರುಳಿಯಾಗಿ ತಿರುಗಿರುತ್ತವೆ. ಇದಕ್ಕೆ ಕಾರಣವಾದ ಕೆರಾಟಿನ್ ಜೀನನ್ನು ವಿಜ್ಞಾನಿಗಳು 2012ರಲ್ಲಿ ಗುರುತಿಸಿದರು. ಇದರ ಒಂದು ಪ್ರತಿ ಬಂದರೆ ಚೆಂದದ ಗುಂಗುರು. ಎರಡು ಬಂದರೆ ಪುಕ್ಕ ತೀರಾ ಸೊರಗಿ, ಮುರಿದು ಉದುರಿ, ಮೈ ಬೋಳಾಗುತ್ತದೆ. ಅಂಥ ಮರಿಗೆ ಬದುಕು ಕಷ್ಟ. ಹಾಗಾಗಿ ಫ್ರಿಜಲ್‌ಗೆ ಫ್ರಿಜಲ್ ಕೂಡಿಸಲೇಬೇಡಿ. ಫ್ರಿಜಲ್‌ಗೆ ಮಾಮೂಲಿ ಪುಕ್ಕದ ಕೋಳಿಯೇ ಜೋಡಿ. ಮರಿಗಳಲ್ಲಿ ಅರ್ಧ ಗುಂಗುರು, ಅರ್ಧ ಮಾಮೂಲಿ. ಆ ಮಾಮೂಲಿ ಅಣ್ಣತಮ್ಮಂದಿರನ್ನೂ ಇಟ್ಟುಕೊಳ್ಳಿ, ಮುಂದಿನ ಜೋಡಿಗೆ ಅವೇ ಬೇಕು.

ಈಗ ಎರಡೂ ಲೆಕ್ಕ ಕೂಡಿಸಿ. ಕಪ್ಪು ಫ್ರಿಜಲ್ ಹುಂಜ, ಮಾಮೂಲಿ ಪುಕ್ಕದ ಸ್ಪ್ಲಾಶ್ ಹೇಂಟೆಗಳು. ಮರಿಗಳೆಲ್ಲ ನೀಲಿ, ಅದರಲ್ಲಿ ಅರ್ಧ ನೀಲಿ ಫ್ರಿಜಲ್! ನೀಲಿ ಫ್ರಿಜಲ್‌ಗೆ ಮಾಮೂಲಿ ನೀಲಿ ಕೂಡಿಸಿದರೆ ಸಿಗುವುದು ಕಾಲು ಭಾಗ ಮಾತ್ರ. ಅರ್ಧ × ಅರ್ಧ. ನೀಲಿ ಫ್ರಿಜಲ್ ಬೇಕು ಅನ್ನುವವರಿಗೆ ಇದಕ್ಕಿಂತ ಹತ್ತಿರದ ದಾರಿ ನನಗೆ ಕಂಡಿಲ್ಲ.

ಒಂದು ಎಚ್ಚರ. ಗುಂಗುರು ಪುಕ್ಕಕ್ಕೆ ಗಾಳಿ, ಮಳೆ ತಡೆಯುವ ಶಕ್ತಿ ಕಡಿಮೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ, ಆ ಗಾಳಿ ಅಂಥದ್ದು. ಅಲ್ಲಿ ಸಾಕುವವರು ಗೂಡಿನ ಗಾಳಿ ಬರುವ ಬದಿಗೆ ಗೋಣಿಚೀಲ ಕಟ್ಟಲೇಬೇಕು.

ಬೂದು ಕಂಡದ್ದೆಲ್ಲ ನೀಲಿ ಅಲ್ಲ, ಬಿಳಿ ಕಂಡದ್ದೆಲ್ಲ ಸ್ಪ್ಲಾಶ್ ಅಲ್ಲ

ಲ್ಯಾವೆಂಡರ್ ಎಂಬ ಇನ್ನೊಂದು ಬೂದು ಇದೆ. ಅದರ ಜೀನ್ ಬೇರೆ, ಕಾಣಿಸಬೇಕಾದರೆ ಎರಡೂ ಪ್ರತಿ ಬೇಕು. ಲ್ಯಾವೆಂಡರ್‌ಗೆ ಲ್ಯಾವೆಂಡರ್ ಕೂಡಿಸಿದರೆ ಎಲ್ಲ ಮರಿಯೂ ಲ್ಯಾವೆಂಡರ್. ಕಣ್ಣಿಗೆ ಕಾಣುವ ವ್ಯತ್ಯಾಸ ಇಷ್ಟು: ನೀಲಿ ಕೋಳಿಯ ಕತ್ತಿನ ಪುಕ್ಕ ಗಾಢವಾಗಿರುತ್ತದೆ, ಪುಕ್ಕದ ಅಂಚಿಗೂ ಹಲವು ಸಲ ಗಾಢ ಗೆರೆ ಇರುತ್ತದೆ. ಲ್ಯಾವೆಂಡರ್ ಮೈತುಂಬ ಒಂದೇ ತೆಳು ಬಣ್ಣ.

ಅನುಮಾನ ಉಳಿದರೆ ಕಪ್ಪು ಕೋಳಿಗೆ ಕೂಡಿಸಿ ನೋಡಿ. ನೀಲಿಯಾದರೆ ಸುಮಾರು ಅರ್ಧ ಮರಿ ಬೂದು ಬರುತ್ತವೆ. ಲ್ಯಾವೆಂಡರ್ ಆದರೆ ಸಾಮಾನ್ಯವಾಗಿ ಎಲ್ಲವೂ ಕಪ್ಪು. ಆರು ಮರಿಯೂ ಕಪ್ಪಾಗಿ ಬಂದರೆ ಅದು ನೀಲಿಯಾಗಿರುವ ಸಾಧ್ಯತೆ ತೀರಾ ಕಡಿಮೆ. ನೀಲಿ ಕೋಳಿಯಿಂದ ಹಾಗೆ ಆರೂ ಕಪ್ಪು ಬರುವುದು 64ರಲ್ಲಿ ಒಂದು ಸಲ.

ಬಿಳಿ ಕೋಳಿಯನ್ನು ಸ್ಪ್ಲಾಶ್ ಅಂತ ಕೊಳ್ಳಬೇಡಿ. ಬಿಳಿಯೊಳಗೆ ಯಾವ ಬಣ್ಣ ಅಡಗಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ರೆಕ್ಕೆ ಬಿಡಿಸಿ, ಬೂದು ಅಥವಾ ಕಪ್ಪು ಸಿಡಿತ ಇರುವ ಪುಕ್ಕ ಹುಡುಕಿ. ಕಪ್ಪು ಮೈಗೆ ಬಿಳಿ ತುದಿ ಇರುವ ಮಾಟಲ್ಡ್ ಕೋಳಿಯೂ ಸ್ಪ್ಲಾಶ್ ಅಲ್ಲ.

ಅಪ್ಪ ಯಾರು ಅಂತ ಗೊತ್ತಿದ್ದರೆ ಮಾತ್ರ ಲೆಕ್ಕ

ಹುಂಜದ ವೀರ್ಯ ಹೇಂಟೆಯ ಮೈಯೊಳಗೆ ಎರಡು ವಾರಕ್ಕೂ ಜಾಸ್ತಿ ಜೀವಂತ ಇರುತ್ತದೆ. ಇವತ್ತು ಹುಂಜ ಬದಲಿಸಿ ನಾಳೆಯ ಮೊಟ್ಟೆ ಕಾವಿಗೆ ಇಟ್ಟರೆ, ಆ ಮರಿಯ ಅಪ್ಪ ಹಳೆಯ ಹುಂಜವೇ ಆಗಿರಬಹುದು. ಕಪ್ಪು × ಸ್ಪ್ಲಾಶ್ ಜೋಡಿಯಲ್ಲಿ ಕಪ್ಪು ಮರಿಯೋ ಸ್ಪ್ಲಾಶ್ ಮರಿಯೋ ಬಂದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಹಳೆಯ ಹುಂಜದಿಂದ ಬೇರೆ ಮಾಡಿ ಮೂರು ವಾರ ಕಾಯಿರಿ. ಅಷ್ಟರಲ್ಲಿ ಬಂದ ಮೊಟ್ಟೆ ಅಡುಗೆಗೆ.

ಇನ್ನೊಂದು, ಕೊಚಿನ್‌ಗೇ ಸೇರಿದ ತೊಂದರೆ. ಹಿಂಭಾಗದಲ್ಲಿ ಪುಕ್ಕ ತುಂಬಾ ದಟ್ಟ. ಅದು ಅಡ್ಡ ಬಂದು ಮೊಟ್ಟೆ ಬರಡಾಗುತ್ತವೆ. ಹುಂಜಕ್ಕೂ ಹೇಂಟೆಗೂ ಗುದದ್ವಾರದ ಸುತ್ತಲಿನ ಪುಕ್ಕವನ್ನು ಕತ್ತರಿಯಿಂದ ಗಿಡ್ಡ ಮಾಡಿ. ಕೀಳಬೇಡಿ.

ಮೊಟ್ಟೆ, ಕಾವು, ಬಿಸಿಲು

ಕಾವಿಗೆ ಇಡುವ ಮೊಟ್ಟೆಯನ್ನು 13ರಿಂದ 18 ಡಿಗ್ರಿ ತಂಪಿನಲ್ಲಿ ಒಂದು ವಾರ ಇಡಬಹುದು ಅನ್ನುತ್ತಾರೆ. ನಮ್ಮ ಏಪ್ರಿಲ್‌ನಲ್ಲಿ ಅಂಥ ತಂಪು ಎಲ್ಲಿದೆ? 24 ಡಿಗ್ರಿ ದಾಟಿದ ಕೋಣೆಯಲ್ಲಿ ಭ್ರೂಣ ಅರೆಬರೆ ಬೆಳೆಯಲು ಶುರುವಾಗಿ ಸೊರಗುತ್ತದೆ. ಒದ್ದೆ ಮರಳು ತುಂಬಿದ ಅಗಲ ಬಾಯಿಯ ಮಡಕೆ, ಅದರ ಮೇಲೆ ಒಣ ಬಟ್ಟೆ ಹಾಸಿ ಮೊಟ್ಟೆ ಇಟ್ಟರೆ ಸ್ವಲ್ಪ ತಂಪು ಸಿಗುತ್ತದೆ. ಆದರೂ ಮೂರ್ನಾಲ್ಕು ದಿನಕ್ಕಿಂತ ಜಾಸ್ತಿ ಕಾಯಬೇಡಿ. ಆಗುವುದಾದರೆ ಮುಖ್ಯ ಮರಿ ಮಾಡುವ ಕೆಲಸವನ್ನು ಚಳಿಗಾಲಕ್ಕೇ ಇಟ್ಟುಕೊಳ್ಳಿ.

ಫ್ಯಾನ್ ಇರುವ ಇನ್‌ಕ್ಯುಬೇಟರ್‌ಗೆ 37.5 ಡಿಗ್ರಿ. ಬ್ಯಾಂಟಮ್ ಮರಿ 21ನೇ ದಿನಕ್ಕೆ ಕಾಯದೆ ಒಂದು ದಿನ ಮೊದಲೇ ಒಡೆಯುವುದುಂಟು. ಕೊನೆಯ ಮೂರು ದಿನ ಮೊಟ್ಟೆ ತಿರುಗಿಸುವುದು ನಿಲ್ಲಿಸಿ. ಮರಿಗೆ ಮೊದಲ ವಾರ 35 ಡಿಗ್ರಿ ಬಿಸಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹನಿ. ಇದನ್ನು ಪಶು ವೈದ್ಯರ ಹತ್ತಿರ ಕೇಳಿ ಹಾಕಿಸಿ.

ಕಾಲಿನ ಪುಕ್ಕ

ಮಳೆ ಬಿದ್ದ ಎರೆ ಮಣ್ಣು ಕೊಚಿನ್‌ಗೆ ದೊಡ್ಡ ಶತ್ರು. ಕಾಲಿನ ಪುಕ್ಕಕ್ಕೆ ಮೆತ್ತಿಕೊಂಡು, ಒಣಗಿ, ಬೆರಳ ಸುತ್ತ ಕಲ್ಲಿನಂತೆ ಗಟ್ಟಿಯಾಗುತ್ತದೆ. ಎಳೆದು ತೆಗೆಯಬೇಡಿ, ಬೆಳೆಯುವ ಪುಕ್ಕದ ಬುಡದಲ್ಲಿ ರಕ್ತ ಇರುತ್ತದೆ. ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ಕರಗಿಸಿ. ಮುಂಗಾರಿನಲ್ಲಿ ಒಳಗೇ ಇಟ್ಟು, ಅಕ್ಕಿ ಗಿರಣಿಯ ಒಣ ಹೊಟ್ಟು ಹಾಸುವುದು ಒಳ್ಳೆಯದು. ಶೇಂಗಾ ಹೊಟ್ಟೂ ಸಿಗುತ್ತದೆ, ಆದರೆ ಬೂಷ್ಟು ಹಿಡಿದಿಲ್ಲ ಅಂತ ನೋಡಿಕೊಳ್ಳಿ.

ಯಾವ ಮರಿ ಯಾವ ಜೋಡಿಯದು ಅಂತ ತಿಳಿಯಲು ಕಾಲಿಗೆ ಬಣ್ಣದ ಉಂಗುರ ಹಾಕುತ್ತೇವೆ. ಕೊಚಿನ್‌ನಲ್ಲಿ ಆ ಉಂಗುರ ಪುಕ್ಕದೊಳಗೆ ಮುಚ್ಚಿಹೋಗುತ್ತದೆ. ಮರಿಯ ಕಾಲು ದಪ್ಪವಾದರೂ ಬಿಗಿದದ್ದು ಹೊರಗೆ ಕಾಣುವುದಿಲ್ಲ. ವಾರಕ್ಕೊಮ್ಮೆ ಮರಿ ಕೈಗೆತ್ತಿಕೊಂಡು, ಪುಕ್ಕ ಸರಿಸಿ, ಉಂಗುರ ಸಲೀಸಾಗಿ ತಿರುಗುತ್ತದೆಯೇ ಅಂತ ಬೆರಳಲ್ಲಿ ತಿರುಗಿಸಿ ನೋಡಿ. ತಿರುಗದಿದ್ದರೆ ಕತ್ತರಿಸಿ, ಅದೇ ಬಣ್ಣದ ದೊಡ್ಡದನ್ನು ಹಾಕಿ.