‘ಸ್ಟ್ರೀಮ್’ ಎಂಬ ಇಂಗ್ಲಿಷ್ ಪದದ ಅರ್ಥ ಮತ್ತು ಬಳಕೆ: ಒಂದು ಅಧ್ಯಯನ ಟಿಪ್ಪಣಿ

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಪದದ ಮೊದಲ ಅರ್ಥವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಡಿಕೆ ತೋಟದ ಬದಿಯಲ್ಲಿ ಹರಿಯುವ ತೋಡೇ ‘ಸ್ಟ್ರೀಮ್’. ಒಂದೇ ದಿಕ್ಕಿಗೆ ಎಡೆಬಿಡದೆ ಸಾಗುವ ಗುಣವೇ ಉಳಿದ ಅರ್ಥಗಳಿಗೂ ಆಧಾರ. ಮೆಕ್ಸಿಕೊ ಕೊಲ್ಲಿಯ ಕಡೆಯಿಂದ ಬೆಚ್ಚನೆಯ ನೀರನ್ನು ಉತ್ತರ ಅಟ್ಲಾಂಟಿಕ್ಕಿಗೆ ಒಯ್ಯುವ ಸಾಗರಪ್ರವಾಹ ‘ಗಲ್ಫ್ ಸ್ಟ್ರೀಮ್’, ಮಳೆಗಾಲದಲ್ಲಿ ನಮ್ಮ ಮೇಲೆ ಬಹಳ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ವೇಗದ ಗಾಳಿ ‘ಜೆಟ್ ಸ್ಟ್ರೀಮ್’. ಪ್ಲಸ್ ಟುವಿನ ವಿಜ್ಞಾನ, ವಾಣಿಜ್ಯ, ಮಾನವಿಕ ವಿಭಾಗಗಳಿಗೂ ಇದೇ ಹೆಸರು. ಪೂರ್ತಿ ಇಳಿಸಿಕೊಳ್ಳದೆ, ಬರುತ್ತಿರುವಂತೆಯೇ ವೀಡಿಯೊ ನೋಡುವುದು ‘ಸ್ಟ್ರೀಮಿಂಗ್’.

ನಿಜವಾದ ತೊಡಕು ‘ಅಪ್‌ಸ್ಟ್ರೀಮ್’ ಮತ್ತು ‘ಡೌನ್‌ಸ್ಟ್ರೀಮ್’ ಎಂಬ ಜೋಡಿಯಲ್ಲಿದೆ. ಭೂಪಟದಲ್ಲಿ ಉತ್ತರ ಮೇಲಿರುವುದರಿಂದ ‘ಅಪ್’ ಎಂದರೆ ಉತ್ತರವೆಂದು ಭಾವಿಸಲಾಗದು. ನೀರಿನ ಮೂಲ ಎಲ್ಲಿದೆ ಎಂಬುದೊಂದೇ ಇಲ್ಲಿ ಮುಖ್ಯ. ನೈಲ್ ನದಿ ಉತ್ತರಕ್ಕೆ ಹರಿಯುತ್ತದೆ, ಆದ್ದರಿಂದ ಕೈರೋಕ್ಕಿಂತ ದಕ್ಷಿಣದಲ್ಲಿರುವ ಅಸ್ವಾನ್ ಅಣೆಕಟ್ಟು ಕೈರೋಗೆ ಅಪ್‌ಸ್ಟ್ರೀಮ್. ನಮ್ಮ ಚಂದ್ರಗಿರಿ ಹೊಳೆ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಪಯಸ್ವಿನಿ ಎಂಬ ಹೆಸರಿನಲ್ಲಿ ಸುಳ್ಯವನ್ನು ಹಾದು, ಕಾಸರಗೋಡಿನ ಬಳಿ ಕಡಲನ್ನು ಸೇರುತ್ತದೆ. ಹಾಗಾಗಿ ಸುಳ್ಯ ಅಪ್‌ಸ್ಟ್ರೀಮ್, ಕಾಸರಗೋಡು ಡೌನ್‌ಸ್ಟ್ರೀಮ್. ನದಿಯ ಎಡದಂಡೆ, ಬಲದಂಡೆಗಳನ್ನು ನಿರ್ಧರಿಸುವುದೂ ಡೌನ್‌ಸ್ಟ್ರೀಮ್ ಕಡೆಗೆ ಮುಖ ಮಾಡಿ ನಿಂತೇ. ಇಲ್ಲಿ ಆ ದಿಕ್ಕು ಪಶ್ಚಿಮವಾದುದರಿಂದ ತೆಂಕು ದಡದಲ್ಲಿರುವ ಚಂದ್ರಗಿರಿ ಕೋಟೆ ಎಡದಂಡೆಗೂ ಬಡಗು ದಡದ ಕಾಸರಗೋಡು ಪೇಟೆ ಬಲದಂಡೆಗೂ ಸೇರುತ್ತವೆ. ಯಾವ ದಡದಿಂದ ನೋಡಿದರೂ ಈ ಹೆಸರುಗಳು ಬದಲಾಗುವುದಿಲ್ಲ.

ಮೂಲವನ್ನು ಮೊದಲು ಹುಡುಕುವ ಈ ಉಪಾಯ ನೀರಿಲ್ಲದ ಕಡೆಯೂ ಕೈಹಿಡಿಯುತ್ತದೆ ಎಂಬುದೇ ನನಗೆ ಹೆಚ್ಚು ಪ್ರಿಯವಾದ ಸಂಗತಿ. ತೈಲೋದ್ಯಮದಲ್ಲಿ ಕಚ್ಚಾತೈಲವನ್ನು ಹುಡುಕಿ ಮೇಲೆತ್ತುವ ಕೆಲಸ ಅಪ್‌ಸ್ಟ್ರೀಮ್, ಮಂಗಳೂರಿನ ಎಂಆರ್‌ಪಿಎಲ್ ಮಾಡುವಂತಹ ಶುದ್ಧೀಕರಣ ಡೌನ್‌ಸ್ಟ್ರೀಮ್. ಅಂತರ್ಜಾಲದ ಸಂಪರ್ಕದಲ್ಲಿ ಸರ್ವರನ್ನು ಮೂಲವೆಂದು ಭಾವಿಸಬೇಕು. ಅಲ್ಲಿಂದ ನಮ್ಮ ಮೊಬೈಲಿಗೆ ಬರುವುದು ಡೌನ್‌ಸ್ಟ್ರೀಮ್, ನಾವು ಕಳುಹಿಸುವ ಚಿತ್ರ ಹೋಗುವುದು ಅಪ್‌ಸ್ಟ್ರೀಮ್.

ಸ್ಪರ್ಧಾತ್ಮಕ ಪರೀಕ್ಷೆಗಳ ದೋಣಿಯ ಲೆಕ್ಕಗಳಲ್ಲಿಯೂ ಇದೇ ಜೋಡಿ ಬರುತ್ತದೆ. ನಿಶ್ಚಲ ನೀರಿನಲ್ಲಿ ದೋಣಿಯ ವೇಗ ಗಂಟೆಗೆ 5 ಕಿ.ಮೀ., ಹರಿವಿನ ವೇಗ 1 ಕಿ.ಮೀ. ಆಗಿದ್ದರೆ ಡೌನ್‌ಸ್ಟ್ರೀಮ್ ವೇಗ 6, ಅಪ್‌ಸ್ಟ್ರೀಮ್ ವೇಗ 4. ಹೋಗಿಬರುವ ಸರಾಸರಿ ವೇಗ ಮಾತ್ರ 5 ಅಲ್ಲ. 24 ಕಿ.ಮೀ. ಹೋಗಲು 4 ಗಂಟೆ, ಮರಳಲು 6 ಗಂಟೆ ಬೇಕಾಗುವುದರಿಂದ 48 ಕಿ.ಮೀ.ಗೆ 10 ಗಂಟೆ, ಅಂದರೆ ಸರಾಸರಿ 4.8. ಎದುರು ನೀರಿನಲ್ಲಿ ಹೆಚ್ಚು ಹೊತ್ತು ಕಳೆಯುವುದರಿಂದ ಆ ನಿಧಾನದ ವೇಗಕ್ಕೆ ಹೆಚ್ಚು ತೂಕ ಬರುತ್ತದೆ.

ವ್ಯಾಕರಣದಲ್ಲಿ ಎರಡು ಅಂಶಗಳನ್ನು ಗಮನಿಸಿದರೆ ಸಾಕು. ‘ಸ್ವಿಮ್ ಅಪ್‌ಸ್ಟ್ರೀಮ್’ ಎನ್ನುವಾಗ ನಡುವೆ ‘ಟು’ ಸೇರುವುದಿಲ್ಲ, ಆದರೆ ಯಾವುದಕ್ಕೆ ಅಪ್‌ಸ್ಟ್ರೀಮ್ ಎಂದು ಹೇಳಬೇಕಾದಾಗ ಅದರ ಬಳಿಕ ‘ಆಫ್’ ಬರುತ್ತದೆ. ಕ್ರಿಯಾಪದವಾಗಿ ಬಂದಾಗ ಕರ್ತೃಪದದ ಸ್ಥಾನದಲ್ಲಿ ಹರಿಯುವ ವಸ್ತುವೂ ಇರಬಹುದು, ಅದು ಹರಿಯುವ ಜಾಗವೂ ಇರಬಹುದು: ‘ಟಿಯರ್ಸ್ ಸ್ಟ್ರೀಮ್ಡ್ ಡೌನ್ ಹರ್ ಫೇಸ್’ ಎಷ್ಟು ಸರಿಯೋ ‘ಹರ್ ಫೇಸ್ ಸ್ಟ್ರೀಮ್ಡ್ ವಿತ್ ಟಿಯರ್ಸ್’ ಎಂಬುದೂ ಅಷ್ಟೇ ಸರಿ. ಎರಡನೆಯದರಲ್ಲಿ ‘ವಿತ್’ ಬಿಟ್ಟುಹೋಗಬಾರದು.