ಪೇಟನ್ ಜೋರ್ಡನ್‌ನನ್ನು ಕಟ್ಟಿಹಾಕಿದ್ದು ನಿಜವಾ?

ಪ್ರಶ್ನೆ: ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 1996ರ ಫೈನಲ್ಸ್‌ನಲ್ಲಿ ಗ್ಯಾರಿ ಪೇಟನ್ ಮೊದಲ ಪಂದ್ಯದಿಂದಲೇ ಮೈಕಲ್ ಜೋರ್ಡನ್‌ನನ್ನು ಕಾದಿದ್ದರೆ, ಅಂದರೆ ಎದುರು ನಿಂತು ತಡೆದಿದ್ದರೆ, ಅವನ ತಂಡ ಸಿಯಾಟಲ್ ಗೆಲ್ಲುತ್ತಿತ್ತು ಅಂತಾರೆ. ಪೇಟನ್ ನಿಜವಾಗಲೂ ಜೋರ್ಡನ್‌ನನ್ನು ನಿಲ್ಲಿಸಿದನಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. 2020ರಲ್ಲಿ ಜೋರ್ಡನ್ ಆಡುತ್ತಿದ್ದ ಬುಲ್ಸ್ ತಂಡದ ಮೇಲಿನ ಸಾಕ್ಷ್ಯಚಿತ್ರ ಬಂದ ಮೇಲಂತೂ ಇದು ನಿಂತೇ ಇಲ್ಲ. ತಾನು ಕಾದು ಜೋರ್ಡನ್‌ನನ್ನು ಸುಸ್ತು ಮಾಡಿದೆ ಅಂತ ಪೇಟನ್ ಮಾತಾಡಿದ ತುಣುಕನ್ನು ಜೋರ್ಡನ್ ಕೈಗೆ ಟ್ಯಾಬ್ ಕೊಟ್ಟು ತೋರಿಸುತ್ತಾರೆ. ಜೋರ್ಡನ್ ನೋಡಿ ಜೋರಾಗಿ ನಗುತ್ತಾನೆ. ಆ ನಗು ಎಲ್ಲರ ಫೋನಿಗೂ ಬಂತು. ಅವತ್ತಿನಿಂದ ಎರಡು ಪಂಗಡ. ಒಂದಕ್ಕೆ ಪೇಟನ್ ಸುಮ್ನೆ ಬಡಾಯಿ ಕೊಚ್ಚಿಕೊಳ್ಳುವವನು. ಇನ್ನೊಂದಕ್ಕೆ ಜೋರ್ಡನ್ ಸತ್ಯ ಒಪ್ಪಿಕೊಳ್ಳದವನು.

ಚಿಕ್ಕ ಉತ್ತರ ಬೇಕಾದವರಿಗೆ: ನಿಲ್ಲಿಸಲಿಲ್ಲ, ಕಷ್ಟ ಕೊಟ್ಟ. ತುಂಬಾ ಚೆನ್ನಾಗಿ ಕೊಟ್ಟ. ಇವೆರಡೂ ಬೇರೆ ಬೇರೆ ಸಂಗತಿ. ಹಾಗೆಯೇ, ಅವನು ಮೊದಲಿನಿಂದ ಕಾದಿದ್ದರೆ ಸಿಯಾಟಲ್ ಗೆದ್ದೇ ಗೆಲ್ಲುತ್ತಿತ್ತು ಅನ್ನೋದಕ್ಕೆ ಆಧಾರವಿಲ್ಲ.

ಈಗ ಉದ್ದದ ಉತ್ತರ. ಆ ವರ್ಷ ಶಿಕಾಗೊ ಬುಲ್ಸ್ 82 ಲೀಗ್ ಪಂದ್ಯಗಳಲ್ಲಿ 72 ಗೆದ್ದಿತ್ತು. ಸಿಯಾಟಲ್ ಸೂಪರ್‌ಸಾನಿಕ್ಸ್ ಏನೂ ಕಮ್ಮಿ ಇರಲಿಲ್ಲ, 64 ಗೆದ್ದಿತ್ತು. ಪೇಟನ್ ಆ ಸಾಲಿನ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ ಪಡೆದಿದ್ದ. ಪಾಯಿಂಟ್ ಗಾರ್ಡ್, ಅಂದರೆ ತಂಡದ ಆಟ ನಡೆಸುವವನು, ಅಂಥವನೊಬ್ಬನಿಗೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ಅವನ ಅಡ್ಡಹೆಸರು 'ಗ್ಲೋವ್', ಅಂದರೆ ಕೈಗವಸು. 1993ರ ಪ್ಲೇಆಫ್‌ನಲ್ಲಿ ಫೀನಿಕ್ಸ್‌ನ ಕೆವಿನ್ ಜಾನ್ಸನ್‌ನನ್ನು ಅವನು ಕಾದ ರೀತಿ ನೋಡಿ, ಬೇಸ್‌ಬಾಲ್ ಗ್ಲೋವಿನಲ್ಲಿ ಚೆಂಡು ಸಿಕ್ಕಿಕೊಂಡ ಹಾಗಿದೆ ಅಂತ ಪೇಟನ್‌ನ ಕಸಿನ್ ಹೇಳಿದ್ದರಂತೆ. ಹೆಸರು ಹಾಗೇ ಅಂಟಿಕೊಂಡಿತು.

ಆದರೂ ಫೈನಲ್ಸ್‌ನ ಮೊದಲ ಮೂರು ಪಂದ್ಯಗಳಲ್ಲಿ ಕೋಚ್ ಜಾರ್ಜ್ ಕಾರ್ಲ್ ಅವನನ್ನು ಜೋರ್ಡನ್ ಮೇಲೆ ಹಾಕಲಿಲ್ಲ. ಆ ಕೆಲಸ ಮುಖ್ಯವಾಗಿ ಹರ್ಸಿ ಹಾಕಿನ್ಸ್ ಪಾಲಿಗೆ ಬಂತು. ಪೇಟನ್‌ನ ಮೀನಖಂಡಕ್ಕೆ ಪೆಟ್ಟಾಗಿತ್ತು. ಮೇಲಾಗಿ ತಂಡದ ಆಟ ನಡೆಸಬೇಕಾದವನೂ ಅವನೇ. ಬಹುತೇಕ ಪೂರ್ತಿ ಪಂದ್ಯ ಅಂಗಳದಲ್ಲೇ ಇರುತ್ತಿದ್ದ. ಬುಲ್ಸ್ ಮೂರೂ ಪಂದ್ಯ ಗೆದ್ದಿತು. ನಾಲ್ಕನೆಯದರಲ್ಲಿ ಪೇಟನ್ ಜೋರ್ಡನ್‌ನ ಎದುರು ಬಂದ. ಸಿಯಾಟಲ್ 107-86ರಿಂದ ಗೆದ್ದಿತು. ಐದನೆಯದೂ ಸಿಯಾಟಲ್‌ಗೆ, 89-78. ಆರನೆಯದರಲ್ಲಿ ಬುಲ್ಸ್ 87-75ರಿಂದ ತನ್ನ ನಾಲ್ಕನೇ ಗೆಲುವು ಪಡೆದು ಕಪ್ ಎತ್ತಿತು.

ಇನ್ನು ಎಲ್ಲರೂ ಮುಂದಿಡುವ ಲೆಕ್ಕ. ಪೇಟನ್ ಬರುವ ಮೊದಲು ಜೋರ್ಡನ್‌ಗೆ ಪಂದ್ಯಕ್ಕೆ 31 ಪಾಯಿಂಟ್. ಬಂದ ಮೇಲೆ 23.7. "ನೋಡಿ, ಏಳು ಪಾಯಿಂಟ್ ಇಳಿಸಿದ, ಇನ್ನೇನು ಬೇಕು?"

ಇಲ್ಲಿಯೇ ನನಗೆ ಬೇಸರ ಆಗೋದು. ಸರಾಸರಿ ಹೇಳ್ತಾರೆ, ಆ ಸರಾಸರಿಯ ಒಳಗೆ ಏನಿದೆ ಅಂತ ಯಾರೂ ಬಿಚ್ಚಿ ನೋಡೋದಿಲ್ಲ. ಬನ್ನಿ, ಬಿಚ್ಚೋಣ.

ಮೊದಲ ಪಂದ್ಯದಲ್ಲಿ ಜೋರ್ಡನ್ 18 ಶಾಟ್ ಹೊಡೆದು 9 ಹಾಕಿದ. ಸರಿಯಾಗಿ ಅರ್ಧ. ಪೇಟನ್ ಅವನ ಎದುರು ಇರಲಿಲ್ಲ. ಐದನೇ ಪಂದ್ಯದಲ್ಲಿ 22 ಹೊಡೆದು 11 ಹಾಕಿದ. ಮತ್ತೆ ಸರಿಯಾಗಿ ಅರ್ಧ. ಪೇಟನ್ ಎದುರಿಗೇ ಇದ್ದ. ಎರಡನೇ ಪಂದ್ಯ ನೋಡಿ. ಪೇಟನ್ ಇಲ್ಲ, ಆದರೂ 22ರಲ್ಲಿ 9 ಮಾತ್ರ ಒಳಗೆ ಹೋದವು. ಹಾಕಿನ್ಸ್‌ಗೆ ಯಾರಾದರೂ ಅಡ್ಡಹೆಸರು ಕೊಟ್ಟರಾ? ಇಲ್ಲ ಅಲ್ವಾ? ಸಿಯಾಟಲ್ ಪೇಟನ್‌ನಿಂದಲೇ ಗೆದ್ದಿತು ಅನ್ನೋರು ಐದನೇ ಪಂದ್ಯವನ್ನು ಇನ್ನೊಮ್ಮೆ ನೋಡಬೇಕು. ಜೋರ್ಡನ್ 26 ಪಾಯಿಂಟ್ ಮಾಡಿದ. ಬುಲ್ಸ್‌ನ ಉಳಿದವರೆಲ್ಲ ಸೇರಿ ಮಾಡಿದ್ದು 52. ಅವತ್ತು ಸೋತಿದ್ದು ಜೋರ್ಡನ್ ಕೈ ಅಲ್ಲ, ಬುಲ್ಸ್‌ನ ಉಳಿದ ಕೈಗಳು. ಆ ಹೊತ್ತಿಗೆ ಬುಲ್ಸ್‌ನ ರಾನ್ ಹಾರ್ಪರ್‌ಗೆ ಮಂಡಿ ನೋವು, ಅಂಗಳಕ್ಕೆ ಇಳಿದಿದ್ದೇ ಅಪರೂಪ. ಸಿಯಾಟಲ್ ಕಡೆ ಬೆನ್ನು ನೋವಿನಿಂದ ಹೊರಗಿದ್ದ ನೇಟ್ ಮೆಕ್‌ಮಿಲನ್ ನಾಲ್ಕನೇ ಪಂದ್ಯಕ್ಕೆ ವಾಪಸ್ ಬಂದಿದ್ದ. ಒಂದೇ ಸಲ ಇಷ್ಟೆಲ್ಲ ಬದಲಾದಾಗ ಒಬ್ಬನ ಹೆಸರನ್ನು ಮಾತ್ರ ಹಿಡಿದುಕೊಂಡರೆ ಹೇಗೆ?

ಹಾಗಾದರೆ ಪೇಟನ್ ಏನೂ ಮಾಡಲೇ ಇಲ್ವಾ? ಮಾಡಿದ. ನಾಲ್ಕನೆಯದರಲ್ಲಿ ಜೋರ್ಡನ್ 19ಕ್ಕೆ 6. ಆರನೆಯದರಲ್ಲಿ 19ಕ್ಕೆ 5. ಜೋರ್ಡನ್‌ನ ಮಟ್ಟಕ್ಕೆ ಇವು ತೀರಾ ಕೆಟ್ಟ ದಿನಗಳು. ಮೊದಲ ಮೂರು ಪಂದ್ಯ ಸೇರಿಸಿ 63 ಶಾಟ್‌ಗೆ 29, ಕೊನೆಯ ಮೂರರಲ್ಲಿ 60ಕ್ಕೆ 22. ಶೇಕಡಾ 46ರಿಂದ 36.7ಕ್ಕೆ ಬಿತ್ತು. ಜೋರ್ಡನ್ ಗೆದ್ದ ಆರು ಫೈನಲ್ಸ್‌ಗಳಲ್ಲಿ ಅವನ ಅತಿ ಕಡಿಮೆ ಸರಾಸರಿ ಇದೇ ಸರಣಿಯದು, 27.3. ಆ ನಗುವನ್ನು ನಂಬಿ ಪೇಟನ್‌ನನ್ನು ತಳ್ಳಿಹಾಕುವವರು ಈ ಅಂಕಿಗಳಿಗೆ ಏನು ಹೇಳುತ್ತಾರೆ?

ಒಂದು ವಿಷಯ ಗಮನಿಸಿ. ಶಾಟ್‌ಗಳ ಸಂಖ್ಯೆ 63ರಿಂದ 60 ಆಯಿತು, ಅಷ್ಟೇ. ಅಂದರೆ ಪೇಟನ್ ಅವನಿಗೆ ಶಾಟ್ ಸಿಗದ ಹಾಗೆ ಮಾಡಲಿಲ್ಲ. ಅದು ಯಾರ ಕೈಲೂ ಆಗದ ಕೆಲಸ. ಅವನು ಮಾಡಿದ್ದು, ಸುಲಭದ ಶಾಟನ್ನು ಕಷ್ಟದ ಶಾಟ್ ಮಾಡಿದ್ದು.

ಇದು ಹೇಗೆ ಅಂತ ಹೇಳ್ತೀನಿ. ಸಂಜೆ ನಾನು ಮಕ್ಕಳಿಗೆ ಆಟ ಕಲಿಸುವ ಸಿಮೆಂಟ್ ಕೋರ್ಟಿನಲ್ಲಿ ಒಂದು ಸೀಮೆಸುಣ್ಣ ಇಟ್ಟುಕೊಂಡಿರುತ್ತೇನೆ. ಒಬ್ಬ ಹುಡುಗ ಚೆಂಡು ಹಿಡಿಯಬೇಕು, ಇನ್ನೊಬ್ಬ ಅವನನ್ನು ಕಾಯಬೇಕು. ಚೆಂಡು ಕೈಗೆ ಬಂದ ಜಾಗದಲ್ಲಿ ನಾನು ಒಂದು ಗುರುತು ಹಾಕುತ್ತೇನೆ. ಶಾಟ್ ಬಿತ್ತೋ ಇಲ್ಲವೋ ಬರೆದುಕೊಳ್ಳೋದಿಲ್ಲ. ಹತ್ತು ಸಲ ಆದ ಮೇಲೆ ಎಲ್ಲರನ್ನೂ ಕರೆದು ನೆಲ ತೋರಿಸುತ್ತೇನೆ. ಕಾಯುವವನು ಸೋಮಾರಿಯಾದರೆ ಗುರುತುಗಳೆಲ್ಲ ರಿಂಗಿನ ಹತ್ತಿರ ಗುಂಪಾಗಿರುತ್ತವೆ. ಚೆನ್ನಾಗಿ ಕಾದಿದ್ದರೆ ಅವು ಒಂದೊಂದೇ ಹೆಜ್ಜೆ ಹೊರಗೆ ಸರಿದಿರುತ್ತವೆ. ಮುಂಗೈಯನ್ನು ಎದುರಾಳಿಯ ಸೊಂಟಕ್ಕೆ ತಾಗಿಸಿ, ಮಂಡಿ ಬಗ್ಗಿಸಿ, ಅವನು ಬೇಕೆಂದ ಜಾಗಕ್ಕೆ ಅವನಿಗಿಂತ ಅರ್ಧ ಸೆಕೆಂಡ್ ಮೊದಲು ಹೋಗಿ ನಿಲ್ಲಬೇಕು. ಆ ವಯಸ್ಸಿನಲ್ಲಿ ಜೋರ್ಡನ್ ಜಾಸ್ತಿ ಆಡುತ್ತಿದ್ದುದು ಹೀಗೆ ಬೆನ್ನು ತಿರುಗಿಸಿ ಚೆಂಡು ಹಿಡಿದು, ಹಿಂದಕ್ಕೆ ಹಾರಿ ಹೊಡೆಯುವ ಶಾಟ್. ಪೇಟನ್ ಅವನಿಗಿಂತ ಎರಡು ಇಂಚು ಗಿಡ್ಡ. ಹಾರಿದ ಮೇಲೆ ತಡೆಯಲು ಅವನ ಕೈಲಿ ಆಗುತ್ತಿರಲಿಲ್ಲ. ಹಾರುವ ಮೊದಲೇ, ಜಾಗಕ್ಕಾಗಿ ತಳ್ಳಾಡಬೇಕಿತ್ತು. ಅದನ್ನೇ ಮಾಡಿದ.

ತಳ್ಳಾಡಿದರೆ ಸೀಟಿ ಬೀಳುತ್ತದೆ. ಆರನೇ ಪಂದ್ಯದಲ್ಲಿ ಜೋರ್ಡನ್ ಐದೇ ಶಾಟ್ ಹಾಕಿದರೂ 22 ಪಾಯಿಂಟ್ ಹೇಗೆ ಬಂತು? 11 ಫ್ರೀ ಥ್ರೋಗಳಿಂದ, ಅಂದರೆ ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಹೊಡೆಯಲು ಸಿಗುವ ಶಾಟ್‌ಗಳಿಂದ. ಅರ್ಧಕ್ಕೆ ಅರ್ಧ ಪಾಯಿಂಟ್ ಗೆರೆಯ ಮೇಲೆ ನಿಂತು ತೆಗೆದುಕೊಂಡ. ಬಿಗಿಯಾಗಿ ಕಾದರೆ ಅದಕ್ಕೊಂದು ಬೆಲೆ ಕಟ್ಟಲೇಬೇಕು.

ಕಬಡ್ಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ರೇಡರ್‌ನ ಪಾದ ಹಿಡಿಯುವವನು ಕಾರ್ನರ್. ಆದರೆ ಕವರ್‌ನಲ್ಲಿದ್ದವನು ಬಂದು ಮೇಲೆ ಬೀಳದಿದ್ದರೆ ರೇಡರ್ ಎಳೆದುಕೊಂಡೇ ಹೋಗಿ ಗೆರೆ ಮುಟ್ಟುತ್ತಾನೆ. ಪಾದ ಹಿಡಿದವನೊಬ್ಬನೇ ಹಿಡಿದ ಅಂತ ನಾವು ಯಾವತ್ತೂ ಹೇಳೋದಿಲ್ಲ. ಬಾಸ್ಕೆಟ್‌ಬಾಲ್ ಬಂದಾಗ ಮಾತ್ರ ಇಬ್ಬರ ಕುಸ್ತಿ ಅನ್ನೋ ಹಾಗೆ ಮಾತಾಡುತ್ತೇವೆ. "ಅವನ ಮೇಲೆ ಇವನು 40 ಹೊಡೆದ" ಅನ್ನುತ್ತೇವೆ. ಆ 40ರಲ್ಲಿ ಎಷ್ಟೋ ಪಾಯಿಂಟ್ ಓಟದಲ್ಲಿ ಬಂದಿರುತ್ತವೆ, ಆಗ ಎದುರಿಗೆ ಯಾರೂ ಇರೋದಿಲ್ಲ. ಇನ್ನೆಷ್ಟೋ ಸ್ಕ್ರೀನ್ ಹಾಕಿಸಿಕೊಂಡು, ಅಂದರೆ ಕಾಯುವವನಿಗೆ ಜೊತೆಗಾರನನ್ನು ಅಡ್ಡ ನಿಲ್ಲಿಸಿಕೊಂಡು, ಬೇರೆ ಡಿಫೆಂಡರ್‌ನನ್ನು ಎಳೆದು ತಂದು ಹೊಡೆದವು. ಅಂಕಪಟ್ಟಿಯಲ್ಲಿ ಇದು ಯಾವುದೂ ಕಾಣೋದಿಲ್ಲ.

ಅವತ್ತಿಗೂ ಇವತ್ತಿಗೂ ನಿಯಮದಲ್ಲೂ ವ್ಯತ್ಯಾಸ ಇದೆ. 1996ರಲ್ಲಿ ಎನ್‌ಬಿಎಯಲ್ಲಿ ಝೋನ್ ಡಿಫೆನ್ಸ್, ಅಂದರೆ ಆಟಗಾರನ ಬದಲು ಅಂಗಳದ ಒಂದು ಜಾಗವನ್ನು ಕಾಯುವ ಆಟ, ಆಡುವಂತಿರಲಿಲ್ಲ. ಅದಕ್ಕೆ ಅನುಮತಿ ಸಿಕ್ಕಿದ್ದು 2001-02ರ ಸಾಲಿನಿಂದ. ಹಾಗಾಗಿ ಇನ್ನೊಬ್ಬ ಡಿಫೆಂಡರ್ ತನ್ನ ಆಟಗಾರನನ್ನು ಬಿಟ್ಟು ಮಧ್ಯದಲ್ಲಿ ಸುಮ್ನೆ ಕಾದು ನಿಲ್ಲುವಂತಿರಲಿಲ್ಲ. ಬಂದರೆ ಚೆಂಡು ಹಿಡಿದವನ ಮೇಲೆ ನೇರವಾಗಿ ಬರಬೇಕು. ಒಬ್ಬನಿಗೊಬ್ಬ ಅನ್ನೋ ಮಾತಿಗೆ ಆಗ ಈಗಿಗಿಂತ ಜಾಸ್ತಿ ಅರ್ಥ ಇತ್ತು ಅಂತ ಒಪ್ಪುತ್ತೇನೆ. ಆಗಲೇ ಲೆಕ್ಕ ಇಷ್ಟು ಗೋಜಲು. ಇನ್ನು ಪ್ರತಿ ಸಲವೂ ಸ್ವಿಚ್ ಮಾಡುವ, ಅಂದರೆ ಯಾರು ಯಾರನ್ನು ಕಾಯಬೇಕು ಅನ್ನೋದನ್ನು ಅದಲುಬದಲು ಮಾಡುವ ಈಗಿನ ಆಟದಲ್ಲಿ ಇಂಥವನು ಇಂಥವನನ್ನು ನಿಲ್ಲಿಸಿದ ಅಂತ ಒಂದೇ ಮಾತಲ್ಲಿ ಹೇಳೋದು ಇನ್ನೂ ಕಷ್ಟ. 2013-14ರಿಂದ ಎಲ್ಲ ಅಂಗಳಗಳಲ್ಲೂ ಕ್ಯಾಮೆರಾ ಇಟ್ಟು ಆಟಗಾರರ ಚಲನೆ ಅಳೆಯುತ್ತಿದ್ದಾರೆ, ಆದರೂ ವಾದ ಮುಗಿದಿಲ್ಲ.

ಜೋರ್ಡನ್‌ನ ಮನಸ್ಸಿನ ಮಾತೂ ಬರುತ್ತದೆ. ಆರನೇ ಪಂದ್ಯ ನಡೆದ ಜೂನ್ 16, ಅಮೆರಿಕದಲ್ಲಿ ಅಪ್ಪಂದಿರ ದಿನ. ಅವನ ತಂದೆಯ ಕೊಲೆಯಾಗಿದ್ದು 1993ರಲ್ಲಿ. ಗೆದ್ದ ಮೇಲೆ ಚೆಂಡನ್ನು ಅಪ್ಪಿಕೊಂಡು, ಡ್ರೆಸ್ಸಿಂಗ್ ರೂಮಿನ ನೆಲದ ಮೇಲೆ ಮಲಗಿ ಅವನು ಅತ್ತಿದ್ದನ್ನು ಎಲ್ಲರೂ ನೋಡಿದ್ದೇವೆ. ಆ ದಿನ ಅವನ ಎದೆ ಭಾರವಾಗಿತ್ತು ಅನ್ನೋದರಲ್ಲಿ ನನಗೆ ಅನುಮಾನವಿಲ್ಲ. ಅದರಿಂದ ಪೇಟನ್ ಪಟ್ಟ ಶ್ರಮ ಸುಳ್ಳಾಗೋದಿಲ್ಲ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಒಂದು ಪ್ರಶ್ನೆಯನ್ನು ನಾನೇ ಕೇಳುತ್ತೇನೆ. ಜೋರ್ಡನ್ ಹೊಡೆದು ಗುರಿ ತಪ್ಪಿದ ಆ ಚೆಂಡುಗಳು ಎಲ್ಲಿ ಹೋದವು?

ಆರನೇ ಪಂದ್ಯದಲ್ಲಿ ಅವನ 14 ಶಾಟ್ ಒಳಗೆ ಹೋಗಲಿಲ್ಲ. ಆದರೂ ಬುಲ್ಸ್ 12 ಪಾಯಿಂಟ್‌ಗಳಿಂದ ಗೆದ್ದಿತು. ಆ ದಿನ ಬುಲ್ಸ್‌ನ ಡೆನಿಸ್ ರಾಡ್‌ಮನ್ 19 ರಿಬೌಂಡ್, ಅಂದರೆ ಗುರಿ ತಪ್ಪಿ ವಾಪಸ್ ಬಂದ ಚೆಂಡು, ಹಿಡಿದ. ಅದರಲ್ಲಿ 11 ಎದುರಾಳಿಯ ರಿಂಗಿನ ಕೆಳಗೆ, ಅಂದರೆ ತನ್ನದೇ ತಂಡದವರು ಹೊಡೆದು ಒಳಗೆ ಹೋಗದ ಶಾಟ್‌ಗಳು. ಬುಲ್ಸ್ 92-88ರಿಂದ ಕಷ್ಟಪಟ್ಟು ಗೆದ್ದ ಎರಡನೇ ಪಂದ್ಯದಲ್ಲೂ ಅವನು ಅಂಥ 11 ಹಿಡಿದಿದ್ದ. ಒಂದು ಫೈನಲ್ಸ್ ಪಂದ್ಯದಲ್ಲಿ 11 ಅನ್ನೋದು 1979ರಲ್ಲಿ ಎಲ್ವಿನ್ ಹೇಯ್ಸ್ ಇದೇ ಸಿಯಾಟಲ್ ವಿರುದ್ಧ ಮಾಡಿದ್ದ ದಾಖಲೆ. ರಾಡ್‌ಮನ್ ಅದನ್ನು ಒಂದೇ ಸರಣಿಯಲ್ಲಿ ಎರಡು ಸಲ ಮುಟ್ಟಿದ.

ಈಗ ಪೇಟನ್‌ನ ಜಾಗದಲ್ಲಿ ನಿಂತು ಯೋಚಿಸಿ. ಇಪ್ಪತ್ತು ಸೆಕೆಂಡ್ ಜೋರ್ಡನ್ ಜೊತೆ ತಳ್ಳಾಡಿದ್ದೀರಿ. ಅವನನ್ನು ಎರಡು ಹೆಜ್ಜೆ ಹೊರಗೆ ನೂಕಿದ್ದೀರಿ. ಕಷ್ಟದ ಶಾಟ್ ಹೊಡೆಸಿದ್ದೀರಿ. ಚೆಂಡು ರಿಂಗಿಗೆ ಬಡಿದು ಹೊರಗೆ ಬಂತು. ನಿಮ್ಮ ಕೆಲಸ ಪೂರ್ತಿ ಆಯಿತು. ಅಷ್ಟರಲ್ಲಿ ರಾಡ್‌ಮನ್‌ನ ಬೆರಳು ಚೆಂಡಿಗೆ ತಾಗಿತು, ಮತ್ತೆ ಬುಲ್ಸ್ ಕೈಗೆ ಹೋಯಿತು. ಎಲ್ಲ ಮೊದಲಿನಿಂದ ಶುರು. ರಾಡ್‌ಮನ್‌ಗೆ ಇದು ಅದೃಷ್ಟದಿಂದ ಸಿಗುತ್ತಿದ್ದದ್ದಲ್ಲ. ತನ್ನ ಜೊತೆಗಾರರು ಹೊಡೆಯುವ ಚೆಂಡು ಗಾಳಿಯಲ್ಲಿ ಹೇಗೆ ಸುತ್ತುತ್ತದೆ, ಬಡಿದು ಯಾವ ಕಡೆ ಹಾರುತ್ತದೆ ಅನ್ನೋದನ್ನು ಅವನು ಅಭ್ಯಾಸದ ಹೊತ್ತಿನಲ್ಲಿ ನಿಂತು ನೋಡಿ ಕಲಿತಿದ್ದ. ಇನ್ನೊಂದು ಕಾರಣವೂ ಇದೆ. ಜೋರ್ಡನ್ ಹಾರಿದಾಗ ಸಹಾಯಕ್ಕೆ ಅಂತ ಮತ್ತೊಬ್ಬ ಡಿಫೆಂಡರ್ ಒಂದು ಹೆಜ್ಜೆ ಅವನ ಕಡೆ ಇಡುತ್ತಾನೆ. ಆ ಒಂದು ಹೆಜ್ಜೆಯಿಂದ ರಿಂಗಿನ ಕೆಳಗೆ ಜಾಗ ಖಾಲಿಯಾಗುತ್ತದೆ. ರಾಡ್‌ಮನ್‌ಗೆ ಅಷ್ಟು ಸಾಕಿತ್ತು.

ಹೋದ ತಿಂಗಳು ನಮ್ಮ ಕೋರ್ಟಿನಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ತನಗಿಂತ ಎತ್ತರದ ಹುಡುಗನನ್ನು ಕಾಯುತ್ತಿದ್ದಳು. ಅವನನ್ನು ಮೂಲೆಗೆ ಒತ್ತಿ, ಕೆಟ್ಟ ಶಾಟ್ ಹೊಡೆಸಿ, ಖುಷಿಯಿಂದ ನನ್ನ ಕಡೆ ತಿರುಗಿದಳು.

"ಸರ್, ನಿಲ್ಲಿಸಿದೆ ಅಲ್ವಾ?"

ಅವಳ ಬೆನ್ನ ಹಿಂದೆ ಇನ್ನೊಬ್ಬ ಚೆಂಡು ಹಿಡಿದು ರಿಂಗಿಗೆ ಹಾಕಿಯೂ ಆಗಿತ್ತು. ನಾನು ಸೀಮೆಸುಣ್ಣದಿಂದ ಎರಡು ಗುರುತು ಹಾಕಿದೆ. ಒಂದು ಆ ಹುಡುಗ ಮೂಲೆಯಲ್ಲಿ ಚೆಂಡು ಹಿಡಿದ ಕಡೆ, ಇನ್ನೊಂದು ರಿಂಗಿನ ಕೆಳಗೆ. ಅವಳು ಎರಡನ್ನೂ ನೋಡಿದಳು. ಮುಂದಿನ ಸಲ ಶಾಟ್ ಹೋದ ಕೂಡಲೇ ನನ್ನ ಕಡೆ ನೋಡಲಿಲ್ಲ, ತಿರುಗಿ ಒಳಗೆ ಓಡಿದಳು.